ಡೆಲ್ಫಿನ್, ನನ್ನ ಮೇಲೆ ದೂರು ಬರೆದುಕೊಡು

ಲೀಪಾ
ಸೋಮವಾರ, ಬೆಳಿಗ್ಗೆ ಆರು ಗಂಟೆ

ಪಾರೆ ಡೆಲ್ಫಿನ್,

ಈ ಕಾಗದವನ್ನು ಫೆಲಿಸಾ ಕೈಯಲ್ಲಿ ಕೊಟ್ಟು ಒಂಬತ್ತರ ಲಾಂಚಿಗೆ ಕಳಿಸುತ್ತಿದ್ದೇನೆ. ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ನಿನ್ನ ಮಾವನ ಮನೆ ತಲುಪುತ್ತಾಳೆ. ನೀನು ಓದಿ ಮುಗಿಸುವವರೆಗೆ ಎದುರಿನಿಂದ ಏಳಬೇಡ ಎಂದು ಅವಳಿಗೆ ಹೇಳಿದ್ದೇನೆ. ನಿನ್ನನ್ನು ನಾನು ಬಲ್ಲೆ. ಅವಳಿಗೆ ಮೀನು ಹುರಿದು ಹಾಕುತ್ತೀಯ, ಅಕ್ಕಿ ಇನ್ನೊಂದು ಪಾವು ಬೇಯಿಸು ಎಂದು ಹೆಂಡತಿ ರೊವೆನಾಗೆ ಕೂಗುತ್ತೀಯ, ಕಾಗದ ಮಡಚಿ ಜೇಬಿಗೆ ಹಾಕಿ "ಆಮೇಲೆ ಓದ್ತೀನಿ ಅತ್ತಿಗೆ, ಎಲ್ಲಿಗೆ ಓಡಿಹೋಗತ್ತೆ?" ಅನ್ನುತ್ತೀಯ. ನಾನು ನಾಲ್ಕು ಸಲ ಫೋನು ಮಾಡಿದಾಗಲೂ ಹಾಗೇ ಮಾಡಿದೆ. "ನಿನ್ನ ಹತ್ರ ಒಂದು ಮಾತು ಹೇಳ್ಬೇಕಿತ್ತು" ಅಂದರೆ ಸಾಕು, ಆ ಕಡೆ ಮಗಳು ಇನೆಸ್ ಕರೆಯುತ್ತಾಳೆ, ಇಲ್ಲವೇ ಸಾರು ಉಕ್ಕುತ್ತದೆ.

ವಿಷಯ ಇಷ್ಟು. ಹಡಗಿನ ಎಲೆಕ್ಟ್ರಿಷಿಯನ್ ಕೆಲಸಕ್ಕೆ ನೀನು ಹಾಕಿದ ಅರ್ಜಿ ಮನಿಲಾದ ಏಜೆನ್ಸಿಯಲ್ಲಿ ನಿಂತುಹೋಗಿದೆ. ಸುಟ್ಟ ಕೈ ಸರಿಯಾಗಿಲ್ಲವೇನೋ ಎಂದು ನೀನು ತಿಳಿದಿದ್ದೀಯ. ಅಲ್ಲ. ನಿನ್ನ ಕೈ ಕೆಲಸಕ್ಕೆ ಯೋಗ್ಯ ಎಂದು ಅವರ ಡಾಕ್ಟರೇ ಬರೆದಿದ್ದಾರೆ, ಆ ಹಾಳೆಯನ್ನು ನಾನು ಕಣ್ಣಾರೆ ನೋಡಿದೆ. ತಡೆದು ನಿಲ್ಲಿಸಿರುವುದು ಎರಡು ವರ್ಷದ ಹಿಂದೆ ನಾನು ಬರೆದುಕೊಟ್ಟ ಒಂದು ಹೇಳಿಕೆ. ಅದು ಸುಳ್ಳು. ಗುರುವಾರ ಸಂಜೆ ಐದಕ್ಕೆ ಆ ಹಡಗಿನ ಪಟ್ಟಿ ಮುಚ್ಚುತ್ತದೆ. ಅದರೊಳಗೆ ನೀನು ಅಲ್ಲಿಗೆ ಹೋಗಿ, ನಿನ್ನ ಕೈಬರಹದಲ್ಲಿ, ನನ್ನ ಮೇಲೆ ದೂರು ಬರೆದುಕೊಡಬೇಕು. ಅದನ್ನು ಕೇಳುವುದಕ್ಕೇ ಈ ಕಾಗದ.

ನೀನು ಇಲ್ಲಿಯೇ ಮಡಚಿಬಿಡುತ್ತೀಯ ಎಂದು ನನಗೆ ಭಯ. ಮಡಚಬೇಡ. ನಡೆದದ್ದನ್ನೆಲ್ಲ ಮೊದಲಿಂದ ಬರೆಯುತ್ತೇನೆ. ಅರ್ಧ ನಿನಗೂ ಗೊತ್ತು. ಉಳಿದರ್ಧವೂ ನಿನಗೆ ಗೊತ್ತಿದೆ ಎಂದು ನನಗೆ ತಡವಾಗಿ ತಿಳಿಯಿತು.

ನೀನು ಸಿಗರೇಟು ಬಿಡಬೇಕೆಂದು ನಮ್ಮ ಲೇತ್ ಕೊಟ್ಟಿಗೆಗೆ ಬಂದ ವರ್ಷ ಅಪ್ಪ ಇನ್ನೂ ಇದ್ದ. ಅವನು ಮಡಚುವ ಚಾಕು ಮಾಡುತ್ತಿದ್ದ ಲೇತ್ ಯಂತ್ರದಲ್ಲಿ ನಾನು ಹಿತ್ತಾಳೆ ಕೊಳವೆ ಕೊರೆಯುತ್ತಿದ್ದೆ. "ಚಾಕು ಮಾಡೋ ಕೈಲಿ ಪೀಪಿ ಮಾಡ್ತಿದ್ದಾನೆ ನೋಡಪ್ಪ ನನ್ನ ಮಗ" ಎಂದು ಅವನು ನಿನ್ನ ಮುಂದೆ ದೂರಿದ್ದ. ನೀನು ಒಂದನ್ನು ಕೈಗೆ ತೆಗೆದುಕೊಂಡು ಒಳಗೆ ಇಣುಕಿ ನೋಡಿದೆ. ಅಂಗಡಿಯಲ್ಲಿ ಸಿಗುವ ಬ್ಯಾಟರಿ ಸಿಗರೇಟು, ಅಂದರೆ ವೇಪ್‌ನೊಳಗೆ ಚಿಪ್ ಇರುತ್ತದೆ, ತಪ್ಪಾದರೆ ಅದೇ ನಿಲ್ಲಿಸುತ್ತದೆ. ನಮ್ಮದು ಮೆಕ್ಯಾನಿಕಲ್. ಕೆಳಗೆ ಗುಂಡಿ, ನಡುವೆ ಬ್ಯಾಟರಿ, ಮೇಲೆ ಕಾಯಿಲ್ ಕೂರುವ ತಲೆ, ಕಾಯಿಲ್ ಕಾದಾಗ ಅದರೊಳಗಿನ ಹತ್ತಿ ಹೀರಿದ ದ್ರವ ಹೊಗೆಯಾಗುತ್ತದೆ. ಅಷ್ಟೇ. ನೀನು ತಿರುಗಿಸಿ ತಿರುಗಿಸಿ ನೋಡಿ ಹೇಳಿದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. "ಇದರಲ್ಲಿ ಫ್ಯೂಸ್ ಎಲ್ಲಿ? ಇಲ್ವಾ? ಹಾಗಾದ್ರೆ ಇದನ್ನ ಹಿಡ್ಕೊಂಡೋನೇ ಫ್ಯೂಸು."

ಲೆಕ್ಕ ನನಗೆ ಕಲಿಸಿದವನು ನೀನು. ನಾನು ಕಣ್ಣಳತೆಯಲ್ಲಿ ತಂತಿ ಸುತ್ತುತ್ತಿದ್ದೆ. ನೀನು ಮೀಟರು ತಂದೆ. ತುಂಬಿದ ಬ್ಯಾಟರಿ ನಾಲ್ಕು ಪಾಯಿಂಟ್ ಎರಡು ವೋಲ್ಟ್, ಅದನ್ನು ಕಾಯಿಲ್‌ನ ಓಮ್‌ನಿಂದ ಭಾಗಿಸು, ಬಂದದ್ದು ಬ್ಯಾಟರಿಯಿಂದ ಹರಿಯುವ ಆಂಪಿಯರ್. ಹೊದಿಕೆ ಮೇಲೆ ದೊಡ್ಡದಾಗಿ ಬರೆದ ಸಂಖ್ಯೆ ನಂಬಬೇಡ, ಸತತವಾಗಿ ಎಷ್ಟು ತಡೆಯುತ್ತದೆ ಅನ್ನುವುದನ್ನು ಮಾತ್ರ ನೋಡು. ಅದರಲ್ಲೂ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಎಳೆಯಬೇಡ. ನೀನು ಸ್ಕ್ರೂಡ್ರೈವರ್ ಕಡ್ಡಿಗೆ ನೈಕ್ರೋಮ್ ತಂತಿಯನ್ನು ಆರು ಸುತ್ತು ಸುತ್ತಿ, ಎರಡು ಸುರುಳಿಯನ್ನೂ ಒಂದೇ ಅಳತೆಗೆ ತಂದು, ತುದಿ ಗೋಡೆಗೆ ತಾಗದಂತೆ ಕತ್ತರಿಸಿ, ಮೀಟರಿನಲ್ಲಿ ಓಮ್ ನೋಡದೆ ಹತ್ತಿಯನ್ನೂ ಮುಟ್ಟುತ್ತಿರಲಿಲ್ಲ. ಬ್ಯಾಟರಿ ಹೊದಿಕೆಯಲ್ಲಿ ಉಗುರಿನಷ್ಟು ಗೀರಿದ್ದರೂ ಹೊಸ ಹೊದಿಕೆ ಹಾಕುತ್ತಿದ್ದೆ. ಬಿಡಿ ಬ್ಯಾಟರಿಯನ್ನು ಬೀಗದ ಕೈ ಇದ್ದ ಜೇಬಿಗೆ ಹಾಕಿಕೊಂಡ ಆಂಬೊನಿಗೆ ನೀನು ಬೈದ ಬೈಗುಳ ಇಡೀ ಬೀದಿಗೆ ಕೇಳಿಸಿತ್ತು. ನನ್ನ ಕೊಳವೆಗಳ ತಳದಲ್ಲಿ ಗಾಳಿತೂತು ಮೂರಿದ್ದದ್ದನ್ನು ಆರು ಮಾಡಿಸಿದವನೂ ನೀನೇ. ಹಡಗಿನಲ್ಲಿ ಎಂಟು ವರ್ಷ ದೀಪ ಉರಿಸಿದವನ ಜಾಗರೂಕತೆ ಅದು.

ಕ್ಲಬ್ಬು ಆಯಿತು. ಅಂಗಡಿ ಆಯಿತು. ಇನೆಸ್ ಹುಟ್ಟಿದಳು. ದೀಕ್ಷಾಸ್ನಾನದ ದಿನ ಅವಳನ್ನು ನೀರಿನ ಮುಂದೆ ಎತ್ತಿ ಹಿಡಿದು ನಾನು ಧರ್ಮತಂದೆಯಾದೆ. ಆ ದಿನದಿಂದ ನೀನು ನನಗೆ ಪಾರೆ, ನಾನು ನಿನಗೆ ಪಾರೆ. ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ಆ ನಂಟು ನಮ್ಮಲ್ಲಿ ಹೇಗೆ ಎಂದು ನಿನಗೆ ನಾನು ಹೇಳಬೇಕಿಲ್ಲ. ಒಡಹುಟ್ಟಿದವರು ಜಗಳವಾಡಬಹುದು. ಪಾರೆಗಳು ಆಡುವಂತಿಲ್ಲ. ಪಾರೆ ಕೊಟ್ಟದ್ದನ್ನು ಬೇಡ ಅನ್ನುವಂತಿಲ್ಲ, ಅವನೆದುರೇ ಅದನ್ನು ತಿರುಗಿಸಿ ಪರೀಕ್ಷೆ ಮಾಡುವಂತಿಲ್ಲ.

ಈಗ ಆ ಶನಿವಾರ ಮಧ್ಯಾಹ್ನಕ್ಕೆ ಬರುತ್ತೇನೆ.

ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಹೊಗೆಯ ಪಂದ್ಯ, ಯಾರು ಬಿಟ್ಟ ಹೊಗೆ ಹೆಚ್ಚು ದೂರ ಹೋಗುತ್ತದೆ ಎಂದು. ಗೋಡೆಗೆ ಅಳತೆಪಟ್ಟಿ ಹೊಡೆದಿದ್ದರು. ನಿನ್ನ ಸರದಿಗೆ ಎರಡು ಸುತ್ತು ಮುಂಚೆ ನಿನ್ನ ಕೊಳವೆಯ ತಲೆಯೊಳಗಿನ ಬಿಳಿ ಬಿಲ್ಲೆ ಬಿರುಕು ಬಿಟ್ಟಿತು. ಪಿನ್ನನ್ನೂ ಹೊರಗಿನ ಉಂಗುರವನ್ನೂ ಬೇರೆ ಇಡುವ ಬಿಲ್ಲೆ ಅದು. ನೀನು ತಕ್ಷಣ ಪಂದ್ಯ ಬಿಟ್ಟೆ. "ಇವತ್ತಿಗೆ ಇಷ್ಟೇ ಪಾರೆ, ಬಾ ಲೋಮಿ ಶಾವಿಗೆ ತಿನ್ನೋಣ" ಅಂದೆ. ನೀನು ಹೊರಟೇಬಿಟ್ಟಿದ್ದೆ. ನಾನು ಬಿಡಲಿಲ್ಲ. ಮೇಜಿನ ಮೇಲೆ ಪ್ರದರ್ಶನಕ್ಕಿಟ್ಟಿದ್ದ ನನ್ನ ತಾಮ್ರದ ಕೊಳವೆಯಿಂದ ತಲೆ ಬಿಚ್ಚಿ ನಿನ್ನ ಕೈಗಿಟ್ಟೆ.

ಆ ತಲೆಯ ಪಿನ್ನನ್ನು ನಾನು ಅರದಿಂದ ಉಜ್ಜಿದ್ದೆ. ಯಾಕೆಂದು ನಿನಗೆ ಗೊತ್ತು, ಆಗ ನಮ್ಮಲ್ಲಿ ಎಲ್ಲರಿಗೂ ಆ ಹುಚ್ಚು ಹಿಡಿದಿತ್ತು. ತಲೆಗೂ ಕೊಳವೆಗೂ ನಡುವೆ ಕೂದಲೆಳೆಯಷ್ಟು ಸಂದು ಕಂಡರೂ ಕೊಳವೆ ಮಾಡಿದವನ ಮರ್ಯಾದೆ ಹೋಯಿತು. "ನಿನ್ನ ಕೊಳವೆಗೆ ಹಲ್ಲು ಬಿದ್ದಿದೆ" ಎಂದು ನಗುತ್ತಿದ್ದರು. ಪಿನ್ ಗಿಡ್ಡ ಮಾಡಿದರೆ ತಲೆ ಅಂಟಿಕೊಂಡು ಕೂರುತ್ತದೆ. ನನ್ನ ತಾಮ್ರದ ಕೊಳವೆಯಲ್ಲಿ ಅದರಿಂದ ಅಪಾಯ ಇರಲಿಲ್ಲ, ಅದರ ಮುಚ್ಚಳದಲ್ಲಿ ಬ್ಯಾಟರಿಗೂ ತಲೆಗೂ ನಡುವೆ ಸ್ಪ್ರಿಂಗಿನ ಇನ್ನೊಂದು ಪಿನ್ ಇತ್ತು. ನಿನ್ನ ಕೊಳವೆಯಲ್ಲಿ ನಡುವೆ ಏನೂ ಇರಲಿಲ್ಲ, ಬ್ಯಾಟರಿಯ ಮೇಲ್ತುದಿಯೇ ಬಂದು ತಲೆಗೆ ತಾಗಬೇಕು. ಅಂಥದ್ದರಲ್ಲಿ ಪಿನ್ ಹೊರಗೆ ಚಾಚಿರಲೇಬೇಕು. ಒಳಗೆ ಕೂತಿದ್ದರೆ ಪಿನ್ನಿನ ಬದಲು ಉಂಗುರವೇ ಬ್ಯಾಟರಿಗೆ ತಾಗುತ್ತದೆ, ಗುಂಡಿ ಒತ್ತಿದ ಕ್ಷಣ ಕರೆಂಟು ಕಾಯಿಲ್‌ನ ದಾರಿ ಹಿಡಿಯದೆ ನೇರವಾಗಿ ಕೊಳವೆಯ ಮೈಯಲ್ಲಿ ಹರಿಯುತ್ತದೆ. ಇದನ್ನು ನನಗೆ ಕಲಿಸಿದವನು ನೀನು.

ನೀನು ನಿನ್ನ ಕಾಯಿಲ್‌ಗಳನ್ನೇ ಅದರಲ್ಲಿ ಕೂರಿಸಿದೆ. ಮೀಟರು ನೋಡಿದೆ, ಪಾಯಿಂಟ್ ಎರಡು ಒಂದು. ಇಪ್ಪತ್ತು ಆಂಪಿಯರ್, ಇಪ್ಪತ್ತೈದರ ಬ್ಯಾಟರಿ, ನಿನ್ನದೇ ನಿಯಮದ ಒಳಗೆ. ಬ್ಯಾಟರಿ ಹೊದಿಕೆಯನ್ನು ಬೆಳಕಿಗೆ ಹಿಡಿದೆ. ತಲೆಯನ್ನು ಬೋರಲು ಮಾಡಲು ಕೈ ತಿರುಗಿಸಿ, ನನ್ನನ್ನು ನೋಡಿ, ನಿಲ್ಲಿಸಿದೆ. "ಪಿನ್ ಹೊರಗಿದೆ ತಾನೇ?" ಎಂದು ಕೇಳಿದೆ. ಮೈಕಿನವನು ಆಗಲೇ ಕೂಗುತ್ತಿದ್ದ: "ಎಲ್ಲಪ್ಪಾ ನಮ್ಮ ಲೀಪಾದ ಹಡಗಿನ ಚಿಮಣಿ? ಸಮುದ್ರಕ್ಕೆ ಬಿದ್ದುಹೋದ್ನಾ?" ಜನ ನಗುತ್ತಿದ್ದರು. ನಾನು ಹೇಳಿದ್ದು ಇದು: "ನನ್ನ ಕೈಯಿಂದ ಬಂದಿದ್ದಕ್ಕೂ ಪರೀಕ್ಷೆ ಬೇಕೇನೋ? ಹೋಗೋ ಹೋಗು."

ಉಜ್ಜಿದ್ದು ನನಗೆ ಮರೆತಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ, ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ. ನೀನು ಕೇಳಿದಾಗ ನಾನು ಒಂದು ಕ್ಷಣ ಯೋಚಿಸಿದ್ದರೆ ನೆನಪಾಗುತ್ತಿತ್ತು. ಯೋಚಿಸಲಿಲ್ಲ. ಪ್ರಶ್ನೆ ಕೇಳಿದ್ದೇ ನನಗೆ ಅವಮಾನ ಅನ್ನಿಸಿತ್ತು.

ನೀನು ಗುಂಡಿ ಒತ್ತಿದೆ. ಹೊಗೆ ಬರಲಿಲ್ಲ. ಎರಡನೇ ಸಲ ಒತ್ತಿದಾಗ ಗುಂಡಿ ಕಚ್ಚಿಕೊಂಡಿತು, ಬಿಡಲೇ ಇಲ್ಲ. ನಿನ್ನ ಮುಖ ಬದಲಾದದ್ದನ್ನು ನಾನು ನೋಡಿದೆ. ತೂತುಗಳಿಂದ ಬುಸ್ಸೆಂದು ಬಿಸಿ ಗಾಳಿ ಬಂತು. ಯಾರಾದರೂ ಅಲ್ಲೇ ಎಸೆದುಬಿಡುತ್ತಿದ್ದರು. ನಿನ್ನ ಮುಂದೆ ಮೂರು ಸಾಲು ಜನ ನೆಲದ ಮೇಲೆ ಕೂತಿದ್ದರು. ನೀನು ಅದನ್ನು ಹಿಡಿದುಕೊಂಡೇ ಅಂಗಳದ ಖಾಲಿ ಮೂಲೆಗೆ ಓಡಿದೆ. ಹದಿನೇಳು ಹೆಜ್ಜೆ. ಮಾರನೆಯ ದಿನ ನಾನು ಅಳೆದೆ. ಎಸೆದ ಮೇಲೆ ಅದು ಗೋಡೆಗೆ ತಾಗಿ ಸಿಡಿಯಿತು, ಯಾರಿಗೂ ಏನೂ ಆಗಲಿಲ್ಲ. ನಿನ್ನ ಬಲಗೈಯ ಹೆಬ್ಬೆರಳು, ಪಕ್ಕದ ಎರಡು ಬೆರಳು, ಅಂಗೈ.

ಜನ ನಿನ್ನ ಸುತ್ತ ಸೇರಿದಾಗ ನಾನು ಮೂಲೆಗೆ ಹೋಗಿ ಆ ತಲೆಯನ್ನು ಕರವಸ್ತ್ರದಲ್ಲಿ ಎತ್ತಿ ಜೇಬಿಗೆ ಹಾಕಿಕೊಂಡೆ. ಆಗ ಇದಕ್ಕೆ ಕಾರಣ ನನಗೇ ಗೊತ್ತಿರಲಿಲ್ಲ, ಅಥವಾ ಗೊತ್ತಿತ್ತು. ಮನೆಯಲ್ಲಿ ಮೀಟರಿಗೆ ಹಾಕಿದೆ. ಪಾಯಿಂಟ್ ಎರಡು ಒಂದು. ನಿನ್ನ ಕಾಯಿಲ್‌ಗೆ ಏನೂ ಆಗಿರಲಿಲ್ಲ. ಹತ್ತಿ ಕಂದು ಬಣ್ಣಕ್ಕೂ ತಿರುಗಿರಲಿಲ್ಲ, ಯಾಕೆಂದರೆ ಕರೆಂಟು ಆ ದಾರಿಯಲ್ಲಿ ಹೋಗಿರಲೇ ಇಲ್ಲ. ತಳದ ಉಂಗುರದ ಅಂಚು ಮಾತ್ರ ಬ್ಯಾಟರಿ ತಾಗಿದ ಕಡೆ ಕರಗಿತ್ತು.

ಸೋಮವಾರ ಠಾಣೆಯವರು ಕರೆದರು. ನಾನು ಕ್ಲಬ್ಬಿನ ಸುರಕ್ಷತೆ ನೋಡಿಕೊಳ್ಳುವವನು, ಅಂಗಡಿಯ ಪರವಾನಗಿ ನನ್ನ ಹೆಸರಲ್ಲಿ. "ಏನಾಯ್ತು ಹೇಳಿ, ಬರ್ಕೊಳ್ತೀನಿ" ಎಂದು ಅಧಿಕಾರಿ ಪೆನ್ನು ಹಿಡಿದು ಕೂತ. ನಾನು ಹೇಳಿದೆ: ಡೆಲ್ಫಿನ್ ಕಾಯಿಲನ್ನು ಪಾಯಿಂಟ್ ಸೊನ್ನೆ ಏಳಕ್ಕೆ ಕಟ್ಟಿದ್ದ, ಅದು ಅರವತ್ತು ಆಂಪಿಯರ್ ಎಳೆಯುತ್ತದೆ, ನಾನು ಬೇಡ ಅಂದೆ, ಕೇಳಲಿಲ್ಲ. ಅವನು ಸಂಖ್ಯೆಗಳನ್ನು ಎರಡು ಸಲ ಕೇಳಿ ಸರಿಯಾಗಿ ಬರೆದುಕೊಂಡ. ಸಂಖ್ಯೆ ಇದ್ದ ಸುಳ್ಳನ್ನು ಯಾರೂ ಅನುಮಾನಿಸುವುದಿಲ್ಲ ಪಾರೆ. ಅದನ್ನು ನಾನು ಆ ದಿನ ಕಲಿತೆ.

ಆಸ್ಪತ್ರೆಯ ಮೊಗಸಾಲೆಯಲ್ಲಿ ರೊವೆನಾ ಅಳುತ್ತ ನನ್ನ ತೋಳು ಹಿಡಿದುಕೊಂಡಿದ್ದಳು. "ಎಲೆಕ್ಟ್ರಿಷಿಯನ್ ಅಂತೆ! ಹಡಗಿಗೆ ಹಡಗನ್ನೇ ಬೆಳಗೋನು ಬೆರಳುದ್ದದ ಬ್ಯಾಟರಿ ಲೆಕ್ಕ ತಪ್ಪಿದ್ನಂತೆ! ನೀವಾದ್ರೂ ಕಿತ್ಕೋಬಾರದಿತ್ತಾ?" ನಾನು "ಹೇಳಿದೆ, ಕೇಳಲಿಲ್ಲ" ಅಂದೆ. ಅವಳ ಕಣ್ಣು ನೋಡಿಕೊಂಡೇ ಅಂದೆ. ಒಳಗೆ ಬಂದಾಗ ನೀನು ಬಿಳಿ ಬಟ್ಟೆ ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕಿಟಕಿ ನೋಡುತ್ತಿದ್ದೆ. ನಾನು ಏನೋ ಶುರು ಮಾಡಿದೆ. ನೀನು ತಡೆದೆ. "ಬಿಡು ಪಾರೆ. ನಾನೇ ನೋಡ್ಬೇಕಿತ್ತು." ಏನನ್ನು ನೋಡಬೇಕಿತ್ತು ಎಂದು ನೀನು ಹೇಳಲಿಲ್ಲ. ನಾನು ಕೇಳಲಿಲ್ಲ. ಅವತ್ತಿನಿಂದ ನಾವಿಬ್ಬರೂ ಆ ಕೋಣೆಯಿಂದ ಹೊರಗೆ ಬಂದಿಲ್ಲ.

ಊರಿನವರು ಅಂಗಡಿ ಮುಚ್ಚಿಸಬೇಕೆಂದರು. ಮುಚ್ಚುವ ಬದಲು ಪಾಠ ಮಾಡುತ್ತೇನೆ ಎಂದು ನಾನು ಒಪ್ಪಿಕೊಂಡೆ. ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಹತ್ತು ಗಂಟೆಗೆ. ಗೋಡೆಗೆ ಹಲಗೆ ಹಾಕಿದೆ. ಮೊದಲ ಸಾಲು ಓಮ್ ಲೆಕ್ಕ. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಪಾಯಿಂಟ್ ಸೊನ್ನೆ ಏಳು, ಅದರ ಮೇಲೊಂದು ಕೆಂಪು ಅಡ್ಡಗೆರೆ. ಅದಕ್ಕೆ ಜನರೇ "ಡೆಲ್ಫಿನ್ ಪಾಠ" ಎಂದು ಹೆಸರಿಟ್ಟರು. ಪಿನ್ ವಿಚಾರ ಏಳನೆಯ ಸಾಲು, ಸಣ್ಣ ಅಕ್ಷರ. ಅಲ್ಲಿ ನಾನು ನಿಲ್ಲುತ್ತಿರಲಿಲ್ಲ. ನಿಂತರೆ ಯಾರಾದರೂ ಕೈ ಎತ್ತಿ, ಡೆಲ್ಫಿನ್ ಪಿನ್ ಹೇಗಿತ್ತು ಎಂದು ಕೇಳಿಯಾರು ಅನ್ನುವ ಭಯ. ಎರಡು ವರ್ಷ, ವಾರಕ್ಕೊಂದು ಸಲ, ನಾನು ನಿನ್ನ ಹೆಸರು ಹಿಡಿದು ಸುಳ್ಳು ಹೇಳಿದೆ. ಮೊದಮೊದಲು ನಾಲಗೆ ತಡವರಿಸುತ್ತಿತ್ತು. ಆಮೇಲೆ ಸಲೀಸಾಯಿತು. ಪಾಠ ನಿಲ್ಲಿಸೋಣ ಅಂದರೆ ಪರವಾನಗಿಯ ಷರತ್ತೇ ಪಾಠ. ಸತ್ಯ ಹೇಳೋಣ ಅಂದರೆ ಹಿಂದಿನ ವಾರ ಹೇಳಿದ್ದೇ ಅಡ್ಡ. ಭಾನುವಾರ ಬೆಳಿಗ್ಗೆ ಷಟರ್ ಎತ್ತುವಾಗ ಜೈಲಿನ ಒಳಗೆ ಹೋಗುತ್ತಿದ್ದೇನೆ ಅನ್ನಿಸುತ್ತಿತ್ತೇ ಹೊರತು ಅಂಗಡಿ ತೆರೆಯುತ್ತಿದ್ದೇನೆ ಅನ್ನಿಸುತ್ತಿರಲಿಲ್ಲ.

ನೀನು ಮಾವನ ಊರಾದ ಕಲಾಪಾನ್‌ಗೆ ಹೋದೆ. ನಾನು ನೋಡಲು ಬಂದಾಗಲೆಲ್ಲ ಎಡಗೈಯಲ್ಲೇ ನನಗೆ ಬಡಿಸಿದೆ. ಇನೆಸ್‌ಗೆ "ಹೋಗು, ಧರ್ಮತಂದೆ ಹತ್ರ ಆಶೀರ್ವಾದ ತಗೋ" ಅಂದೆ. ಅವಳು ನನ್ನ ಕೈಯನ್ನು ಹಣೆಗೆ ಒತ್ತಿಕೊಂಡಳು. ಆ ದಿನ ಲಾಂಚಿನಲ್ಲಿ ವಾಪಸು ಬರುವಾಗ ಕೈಯನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

ಎಂಟು ದಿನದ ಹಿಂದೆ, ಭಾನುವಾರ, ಆಂಬೊ ಬಂದ. ಅದೇ, ಮಾರುಕಟ್ಟೆ ಸ್ಟ್ಯಾಂಡಿನ ಆಟೋದವನು, ಬೀಗದ ಕೈ ಆಂಬೊ. ಹೊಸ ಕೊಳವೆ ಕೊಂಡಿದ್ದ, ತಾನೇ ಕಾಯಿಲ್ ಕಟ್ಟಿದ್ದ. ಎಲ್ಲರ ಮುಂದೆ ಮೀಟರಿಗೆ ಹಾಕಿ ತೋರಿಸಿದ. "ನೋಡಿ ಮೇಷ್ಟ್ರೇ, ಪಾಯಿಂಟ್ ಎರಡು ಎರಡು. ಹತ್ತೊಂಬತ್ತು ಆಂಪಿಯರ್. ನಾನೇನು ಡೆಲ್ಫಿನ್ ಅಲ್ಲ!" ಎಲ್ಲರೂ ನಕ್ಕರು. ನಾನೂ ಹಲ್ಲು ಬಿಟ್ಟೆ. ಅವನು ತಲೆಯನ್ನು ಕೊಳವೆಗೆ ತಿರುಗಿಸತೊಡಗಿದ. ಕೊನೆಯ ಸುತ್ತಿನಲ್ಲಿ ಅದು ಸಂದಿಲ್ಲದೆ ನುಣ್ಣಗೆ ಅಂಟಿಕೊಂಡಿತು. "ಬೆರಳು ತೆಗಿ" ಅಂದೆ. ಅವನು ಗುಂಡಿಯ ಮೇಲಿದ್ದ ಬೆರಳು ತೆಗೆಯಲಿಲ್ಲ. "ಆಂಬೊ, ತೆಗೀತೀಯೋ ಇಲ್ವೋ!" ಎಂದು ಕಿರುಚಿ ಕಿತ್ತುಕೊಂಡೆ. ಬಿಚ್ಚಿ ಬೋರಲು ಹಾಕಿದರೆ ಪಿನ್ ಉಂಗುರಕ್ಕಿಂತ ಒಳಗೆ ಕೂತಿತ್ತು. ಅವನೂ ಉಜ್ಜಿದ್ದ.

"ಯಾಕೆ ಮೇಷ್ಟ್ರೇ? ಲೆಕ್ಕ ಸರಿ ಇದ್ಯಲ್ಲ? ನೀವೇ ಹೇಳಿಕೊಟ್ಟಿದ್ದಲ್ವಾ, ಡೆಲ್ಫಿನ್ ಲೆಕ್ಕ ತಪ್ಪಿದ್ದಕ್ಕೇ ಅಲ್ವಾ ಆಗಿದ್ದು?"

ಅವನು ಕೇಳಿದ್ದು ಸರಿಯಾಗಿತ್ತು. ನನ್ನ ಸುಳ್ಳನ್ನು ಚೆನ್ನಾಗಿ ಕಲಿತ ವಿದ್ಯಾರ್ಥಿ ಅವನು. ಅಂಗಡಿಯಲ್ಲಿ ಹನ್ನೊಂದು ಜನ ಇದ್ದರು. ಎಲ್ಲರ ಕೊಳವೆಯನ್ನೂ ಬಿಚ್ಚಿಸಿ ನೋಡಿದೆ. ಮೂವರದು ಹಾಗೇ ಇತ್ತು.

ಆ ವಾರವೇ ರೊವೆನಾ ಫೆಲಿಸಾಗೆ ಫೋನು ಮಾಡಿ, ನಿನ್ನ ಅರ್ಜಿ ನಿಂತಿದೆ, ಅಪಘಾತದ ವರದಿ ಏನೋ ಅಡ್ಡ ಬಂದಿದೆಯಂತೆ ಎಂದಳು. ಫೆಲಿಸಾ ಅಡುಗೆಮನೆಯಲ್ಲಿ ಅದನ್ನು ನನಗೆ ಹೇಳಿ ನನ್ನ ಮುಖ ನೋಡಿದಳು. ಇಪ್ಪತ್ತೆರಡು ವರ್ಷ ಬಾಳಿದವಳು, ಅವಳಿಗೆ ಮುಖ ಸಾಕು. "ಕರವಸ್ತ್ರದಲ್ಲಿ ಸುತ್ತಿ ಲೇತ್ ಪೆಟ್ಟಿಗೇಲಿ ಇಟ್ಟಿದ್ದೀರಲ್ಲ, ಅದು ಏನು ಅಂತ ನಾನು ಎರಡು ವರ್ಷದಿಂದ ಕೇಳಿಲ್ಲ. ಈಗ ಕೇಳ್ತಿದ್ದೀನಿ" ಅಂದಳು. ಹೇಳಿದೆ. ಅವಳು ಬೈಯಲಿಲ್ಲ. ಕಾಫಿ ಲೋಟ ತೊಳೆದಿಟ್ಟು, "ಬಟ್ಟೆ ಹಾಕ್ಕೊಳಿ, ಮನಿಲಾ ಬಸ್ಸಿಗೆ ಹೊತ್ತಾಗುತ್ತೆ" ಅಂದಳು.

ಕಳೆದ ಗುರುವಾರ ಏಜೆನ್ಸಿಗೆ ಹೋದೆ. ಎರಡನೇ ಮಹಡಿ, ಐದನೇ ಕಿಟಕಿ, ಮಿಸೆಸ್ ಬಾಲ್ಮೆಸ್. ಹೊಸ ಹೇಳಿಕೆ, ಆ ತಲೆ, ಮೀಟರು, ಎಲ್ಲವನ್ನೂ ಮುಂದಿಟ್ಟೆ. ಆಕೆ ನಿನ್ನ ಫೈಲು ತೆಗೆದು ಪುಟ ತಿರುಗಿಸಿದರು. ನನ್ನ ಹಳೆಯ ಹೇಳಿಕೆಯ ಪ್ರತಿ ಇತ್ತು. ಅದರ ಕೆಳಗೆ ಇನ್ನೊಂದು ಹಾಳೆ. "ಇದು ಅರ್ಜಿದಾರರದ್ದೇ" ಎಂದು ತಿರುಗಿಸಿ ತೋರಿಸಿದರು. ಓರೆಕೋರೆ ಅಕ್ಷರ, ಸುಟ್ಟ ಕೈಯಲ್ಲಿ ಬರೆದದ್ದು. "ಸಿಮೆಯೋನ್ ಹೇಳಿದ್ದೆಲ್ಲ ನಿಜ. ತಪ್ಪು ನನ್ನದು." ಕೆಳಗೆ ನಿನ್ನ ಸಹಿ.

ನಾನು ಆ ಹಾಳೆಯನ್ನು ಎರಡು ಸಲ ಓದಿದೆ. ನೀನು ಕೆಲಸ ಕೇಳಿಕೊಂಡು ಹೋದ ಜಾಗದಲ್ಲೇ, ಆ ಕೆಲಸ ತಪ್ಪಿಹೋಗುವ ಮಾತನ್ನು ಬರೆದುಕೊಟ್ಟು ಬಂದಿದ್ದೆ. ನನ್ನ ಸುಳ್ಳಿಗೆ ನೀನು ಸಾಕ್ಷಿ ಹಾಕಿದ್ದೆ.

ಮಿಸೆಸ್ ಬಾಲ್ಮೆಸ್ ಒಳ್ಳೆಯ ಹೆಂಗಸು, ಆದರೆ ಕಾಗದದ ಹೆಂಗಸು. "ನೋಡಿ, ಈಗ ಇಬ್ಬರಲ್ಲಿ ಒಬ್ಬರು ಸುಳ್ಳು ಬರೆದಿದ್ದೀರಿ. ನಿಮ್ಮ ಹೊಸ ಹೇಳಿಕೆ ನಾನು ಸೇರಿಸಿದರೆ ಸುಳ್ಳುಗಾರ ಅರ್ಜಿದಾರನೇ ಆಗ್ತಾನೆ. ಸುಳ್ಳು ಘೋಷಣೆ ಕೊಟ್ಟೋನನ್ನ ನಾವು ಯಾವ ಹಡಗಿಗೂ ಹತ್ತಿಸೋ ಹಾಗಿಲ್ಲ. ಸೇರಿಸದಿದ್ದರೆ ಅಜಾಗರೂಕ ಎಲೆಕ್ಟ್ರಿಷಿಯನ್ ಆಗಿ ಉಳೀತಾನೆ. ಅವನನ್ನೂ ಹತ್ತಿಸೋ ಹಾಗಿಲ್ಲ." ದಾರಿಯೇ ಇಲ್ಲವೇ ಎಂದು ಕೇಳಿದೆ. "ಒಂದಿದೆ. ಪಟ್ಟಿ ಮುಚ್ಚೋ ಮುಂಚೆ ಅವರೇ ಬಂದು, ಹಳೇದನ್ನ ಹಿಂದಕ್ಕೆ ತಗೊಂಡು, ಏನಾಯ್ತು ಅಂತ ತಮ್ಮ ಕೈಲೇ ಬರೆದರೆ ಅದು ತಿದ್ದುಪಡಿ. ನಿಮ್ಮ ಹೇಳಿಕೆ, ಈ ಸಾಮಾನು, ಎರಡೂ ಅದಕ್ಕೆ ಆಧಾರ ಆಗುತ್ತೆ. ಅಲ್ಲೀವರೆಗೂ ಇವನ್ನ ನನ್ನ ಮೇಜಿನ ಖಾನೇಲಿ ಇಟ್ಟಿರ್ತೀನಿ. ಗುರುವಾರ ಐದು ಗಂಟೆ."

ಹೀಗೆ ನಾನು ಎಲ್ಲಿಂದ ಹೊರಡಲು ನೋಡಿದರೂ ನಿನ್ನ ಒಳ್ಳೆಯತನ ಬಾಗಿಲಿಗೆ ಅಡ್ಡ ನಿಂತಿದೆ. ಇದನ್ನು ಕೋಪದಿಂದ ಬರೆಯುತ್ತಿಲ್ಲ. ಸ್ವಲ್ಪ ಕೋಪವೂ ಇದೆ. ನೀನು ಒಂದು ಸಲ ನನ್ನ ಕೊರಳಪಟ್ಟಿ ಹಿಡಿದು, "ಲೇ ಸಿಮೋ, ನೀನೇ ಅಲ್ವೇನೋ ಕೊಟ್ಟಿದ್ದು?" ಎಂದು ಕೇಳಿದ್ದರೆ ನಾನು ಅವತ್ತೇ ಕುಸಿದು ಎಲ್ಲ ಒಪ್ಪಿಕೊಳ್ಳುತ್ತಿದ್ದೆ. ನೀನು ಕೇಳಲಿಲ್ಲ. ಅನ್ನ ಬಡಿಸಿದೆ. ಆದರೆ ನಿನ್ನನ್ನು ಯಾಕೆ ದೂರಲಿ? ಕೇಳಬೇಕಾಗಿದ್ದವನು ನೀನಲ್ಲ, ಹೇಳಬೇಕಾಗಿದ್ದವನು ನಾನು.

ನೀನು ಈಗ ಅಂದುಕೊಳ್ಳುತ್ತಿರುವುದು ನನಗೆ ಗೊತ್ತು. ನಾನು ಬರೆದುಕೊಟ್ಟರೆ ಪಾರೆಯ ಅಂಗಡಿ ಹೋಗುತ್ತದೆ, ಹೆಸರು ಹೋಗುತ್ತದೆ, ಪೊಲೀಸರು ಬರುತ್ತಾರೆ, ಧರ್ಮತಂದೆಯನ್ನು ಹಿಡಿದುಕೊಟ್ಟವನ ಮಗಳು ಅನ್ನುವ ಮಾತು ಇನೆಸ್‌ಗೆ ಬರುತ್ತದೆ. ಅದಕ್ಕೇ ನಿನ್ನೆ ನಾನು ಒಂದು ಕೆಲಸ ಮಾಡಿದೆ.

ನಿನ್ನೆ ಭಾನುವಾರ. ಅಂಗಡಿ ತುಂಬಿತ್ತು, ಆಂಬೊನ ಸುದ್ದಿ ಕೇಳಿ ಹೊಸಬರೂ ಬಂದಿದ್ದರು. ಹಲಗೆಯನ್ನು ಒರೆಸಿದೆ. ನಡೆದದ್ದನ್ನು ನಡೆದ ಹಾಗೆ ಹೇಳಿದೆ, ಅರದಿಂದ ಹಿಡಿದು ಕರವಸ್ತ್ರದವರೆಗೆ. ನೀನು ಪಿನ್ ಕೇಳಿದ್ದು, ನಾನು ಕೊಟ್ಟ ಉತ್ತರ, ಅದೇ ಮಾತುಗಳಲ್ಲಿ. ಆಮೇಲೆ ಆಂಬೊ ಎದ್ದು ನಿಂತ. "ಹಾಗಾದ್ರೆ ಎರಡು ವರ್ಷ ನಾವು ಆ ಮನುಷ್ಯನ್ನ ಆಡಿಕೊಂಡು ನಕ್ಕಿದ್ದು?" ಎಂದ. ಹೌದು ಅಂದೆ. "ಥೂ, ನಿಮ್ಮ ಮೇಷ್ಟ್ರುಗಿರಿಗೆ" ಎಂದು ಹೊರಗೆ ಹೋದ. ಬಹಳ ಜನ ಅವನ ಹಿಂದೆಯೇ ಹೋದರು. ನಾಲ್ವರು ಉಳಿದರು. ಅವರ ಕೊಳವೆಗಳನ್ನು ಬಿಚ್ಚಿ ಪಿನ್ ನೋಡುವುದು ಹೇಗೆ ಎಂದು ತೋರಿಸಿದೆ. ಕೊಟ್ಟವನು ಯಾರೇ ಆಗಿರಲಿ, ಅಣ್ಣನೋ ಪಾರೆಯೋ, ಅವನೆದುರೇ ತಿರುಗಿಸಿ ನೋಡಿ, ಅವನು ಮುನಿಸಿಕೊಂಡರೂ ಚಿಂತೆಯಿಲ್ಲ ಎಂದೆ. ಅದೇ ಕೊನೆಯ ಪಾಠ. ಮಧ್ಯಾಹ್ನ ಠಾಣೆಗೆ ಹೋಗಿ ಹೊಸ ಹೇಳಿಕೆಯ ಪ್ರತಿ ಕೊಟ್ಟೆ, ಸ್ವೀಕರಿಸಿದ ಮುದ್ರೆ ಹಾಕಿಸಿಕೊಂಡೆ. ಹಿಂದಿನ ಸುಳ್ಳಿಗೆ ಪ್ರಕರಣ ಆಗಬಹುದು ಎಂದರು. ಆಗಲಿ. ಪರವಾನಗಿಯನ್ನು ಇವತ್ತು ಕಚೇರಿ ತೆರೆದ ಕೂಡಲೇ ವಾಪಸು ಕೊಡುತ್ತೇನೆ.

ಆದ್ದರಿಂದ ಪಾರೆ, ನೀನು ಕಾಪಾಡುತ್ತಿದ್ದ ಆ ಸಿಮೋ ಈಗ ಇಲ್ಲ. ಇಡೀ ಲೀಪಾಗೆ ಗೊತ್ತಿರುವುದನ್ನು ನೀನೊಬ್ಬನೇ ಮುಚ್ಚಿಟ್ಟುಕೊಂಡು ಏನು ಮಾಡುತ್ತೀಯ? ನಿನ್ನ ಮೌನದಿಂದ ನನಗೆ ಇನ್ನು ಎಳ್ಳಷ್ಟೂ ಲಾಭವಿಲ್ಲ. ಅದರಿಂದ ನಿನ್ನ ಹಡಗು ಮಾತ್ರ ಹೋಗುತ್ತದೆ.

ಬರೆಯಬೇಕಾದದ್ದು ದೊಡ್ಡದೇನಿಲ್ಲ. ನಿನ್ನ ಕಾಯಿಲ್ ಪಾಯಿಂಟ್ ಎರಡು ಒಂದು ಇತ್ತು. ತಲೆಯನ್ನು ಕೊಟ್ಟವನು ನಾನು. ಪಿನ್ ಹೊರಗಿದೆಯೇ ಎಂದು ನೀನು ಕೇಳಿದೆ, ನಾನು ನಿನ್ನನ್ನು ಗದರಿ ಕಳಿಸಿದೆ. ಇವುಗಳಲ್ಲಿ ಒಂದನ್ನೂ ಮೆತ್ತಗೆ ಮಾಡಬೇಡ. ನನ್ನ ಪಾಲಿನದನ್ನು ನಿನ್ನ ಮೇಲೆ ಎಳೆದುಕೊಂಡು "ನಾನೂ ನೋಡಬೇಕಿತ್ತು" ಎಂದು ಕೊನೆಗೆ ಸೇರಿಸಬೇಡ. ಮಿಸೆಸ್ ಬಾಲ್ಮೆಸ್ ಆ ಸಾಲು ಓದಿದರೆ ಮತ್ತೆ ಪೆನ್ನು ಕೆಳಗಿಡುತ್ತಾರೆ.

ಫೆಲಿಸಾ ನಾಳೆ ಬೆಳಗಿನ ಲಾಂಚಿಗೆ ಎರಡು ಟಿಕೆಟು ಮಾಡಿಸಿದ್ದಾಳೆ, ನಿನಗೊಂದು, ಅವಳಿಗೊಂದು. ಬಂದರಿನಿಂದ ಮನಿಲಾ ಬಸ್ಸು ಹತ್ತಿಸಿ, ಐದನೇ ಕಿಟಕಿಯವರೆಗೆ ಅವಳು ಜೊತೆಗೆ ಬರುತ್ತಾಳೆ. ನಾನು ಬಂದರಿಗೆ ಬರುವುದಿಲ್ಲ. ಬರಬೇಕೆಂದು ಬಹಳ ಆಸೆ ಇದೆ. ಆದರೆ ನನ್ನ ಮುಖ ಕಂಡರೆ ನೀನು ಮುಂದಕ್ಕೆ ಹೆಜ್ಜೆ ಇಡುವುದಿಲ್ಲ, ನನ್ನ ಹೆಗಲ ಮೇಲೆ ಕೈ ಹಾಕಿ ಊಟಕ್ಕೆ ಕರೆದುಕೊಂಡು ಹೋಗುತ್ತೀಯ. ಆ ಕೈಗೆ ಬೇರೆ ಕೆಲಸವಿದೆ.

ಸಮುದ್ರ ನಿನಗೆ ಸಮಾಧಾನವಾಗಿರಲಿ. ನಿನ್ನ ಹಡಗಿನಲ್ಲಿ ಒಂದು ದೀಪವೂ ಆರದಿರಲಿ. ಇನೆಸ್‌ಗೆ ದೇವರು ಒಳ್ಳೆಯದು ಮಾಡಲಿ, ಅವಳಿಗೆ ಈ ಕಾಗದವನ್ನು ದೊಡ್ಡವಳಾದ ಮೇಲೆ ಓದಿಸು.

ದೂರಿನಲ್ಲಿ ಪಾರೆ ಎಂದು ಬರೆದರೆ ನಡೆಯುವುದಿಲ್ಲ. ಅದಕ್ಕೇ ಪೂರ್ತಿ ಹೆಸರು ಹಾಕಿದ್ದೇನೆ. ನೋಡಿಕೊಂಡು, ಅಕ್ಷರ ಬಿಡದೆ, ಬರೆದುಕೊ.

ಸಿಮೆಯೋನ್ ಮಾಲಿಗಾಯಾ